460 ಕುದುರೆ ಮತ್ತು ಕಬ್ಬಿನ ಟ್ರ್ಯಾಕ್ಟರ್

ಬಿಎಂಡಬ್ಲ್ಯೂ ಎಂ2. 2023ರಲ್ಲಿ ಭಾರತಕ್ಕೆ ಬಂದಾಗ ಮೂರು ಲೀಟರಿನ, ಆರು ಸಿಲಿಂಡರಿನ ಎಂಜಿನ್ನು, 460 ಕುದುರೆಶಕ್ತಿ. ನಿಂತಲ್ಲಿಂದ ನೂರು ಕಿ.ಮೀ. ವೇಗಕ್ಕೆ 4.1 ಸೆಕೆಂಡು. ಚಕ್ರದ ಮೇಲೆ ಉಬ್ಬಿದ ಮೈಕಟ್ಟು, ಚಾಲಕನ ಕಡೆ ಬಾಗಿದ ಪರದೆ, ಬೆನ್ನು ಹಿಡಿದು ಕೂರಿಸುವ ಸೀಟು. ಆಸೆ ಹುಟ್ಟಿಸುವ ಗಾಡಿ, ಖರೆ.

ಕಬ್ಬಿನ ಹಂಗಾಮಿನಾಗ ಮೂಡಲಗಿಯಿಂದ ಗೋಕಾಕ ದಾಟಿ ಹುಕ್ಕೇರಿ ತನಕ ಇದನ್ನ ಓಡಿಸಿ ನೋಡ್ರಿ. ಮುಂದೆ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್. ಅದರ ಶಕ್ತಿ ಐವತ್ತು ಕುದುರೆಯ ಆಸುಪಾಸು, ಎಳೆಯೋದು ಟನ್‌ಗಟ್ಟಲೆ ಕಬ್ಬು. ಅದರ ಗೇರುಗಳು ವೇಗ ಬಿಟ್ಟುಕೊಟ್ಟು ಎಳೆತ ಗಳಿಸ್ತಾವ. ಹಿಂದಿನ 460 ಕುದುರೆ ಎರಡನೇ ಗೇರಿನಾಗ ತೆವಳಬೇಕು. ಹಾರ್ನ್ ಹೊಡೆದು ಉಪಯೋಗಿಲ್ಲ. ಟ್ರ್ಯಾಕ್ಟರಿನ ಸ್ಪೀಕರ್ ಅದಕ್ಕಿಂತ ಜೋರು!