ಒಗೆಯುವ ಯಂತ್ರವೂ ಕಾರಣವಿಚಾರವೂ

ಗೃಹಕೃತ್ಯಗಳಲ್ಲಿ ಬಟ್ಟೆ ಒಗೆಯುವ ಕೆಲಸದಷ್ಟು ಮೈಮುರಿಯುವ ಕೆಲಸ ಮತ್ತೊಂದಿಲ್ಲ. ಬಾಲ್ಯದಲ್ಲಿ ಮಠದ ವಿದ್ಯಾರ್ಥಿನಿಲಯದಲ್ಲಿದ್ದಾಗ ನಮ್ಮ ಬಟ್ಟೆಗಳನ್ನು ನಾವೇ ಕೆರೆಯ ಸೋಪಾನದ ಮೇಲೆ ಒಗೆದುಕೊಳ್ಳುತ್ತಿದ್ದುದರಿಂದ ಈ ಶ್ರಮದ ಅರಿವು ನನಗುಂಟು. ಇದನ್ನು ಹಗುರಗೊಳಿಸುವ ಯಂತ್ರದ ಕಲ್ಪನೆ ಇಂದು ನಿನ್ನೆಯದಲ್ಲ. 18ನೆಯ ಶತಮಾನದಲ್ಲಿಯೇ ಜರ್ಮನಿಯ ರೇಗನ್ಸ್‌ಬರ್ಗಿನ ಯಾಕೋಬ್ ಕ್ರಿಸ್ಟಿಯನ್ ಶೇಫರ್ ಎಂಬ ಧರ್ಮಗುರು ಇಂಥ ಯಂತ್ರವೊಂದರ ವಿವರಣೆಯನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ್ದನು. ವಿದ್ಯುತ್ತಿನಿಂದ ನಡೆಯುವ ಯಂತ್ರಕ್ಕೆ ಅಮೆರಿಕದ ಆಲ್ವಾ ಫಿಶರ್ 1910ರಲ್ಲಿ ಪೇಟೆಂಟ್ ಪಡೆದನು. ಇಂದು ನಮ್ಮ ಪಟ್ಟಣಗಳ ಮನೆಮನೆಗಳಲ್ಲಿ ಈ ಯಂತ್ರ ಒಂದು ಮೂಲೆಯನ್ನು ತನ್ನದಾಗಿಸಿಕೊಂಡಿದೆ.

ಒಗೆಯುವ ಕಲ್ಲು ಎಂದೂ ಮುಷ್ಕರ ಹೂಡಲಿಲ್ಲ, ಯಂತ್ರ ಹೂಡುತ್ತದೆ. ಹಾಗೆ ಹೂಡಿದ ದಿನ ಮನೆಯವರ ಬಾಯಿಂದ ಮೊದಲು ಹೊರಡುವ ಪ್ರಶ್ನೆ "ಇದು ಏಕೆ ನಡೆಯುತ್ತಿಲ್ಲ?" ಎಂಬುದಲ್ಲ, "ಇದನ್ನು ಕೆಡಿಸಿದವರು ಯಾರು?" ಎಂಬುದು. ಈ ಎರಡು ಪ್ರಶ್ನೆಗಳ ನಡುವಣ ಅಂತರವನ್ನು ಓದುಗರ ಮುಂದಿಡಬೇಕೆಂಬುದೇ ಈ ಬರೆಹದ ಉದ್ದೇಶ.

ಧಾರವಾಡದ ಮಳೆಗಾಲದ ಪರಿಚಯವಿದ್ದವರಿಗೆ ಆಷಾಢದಲ್ಲಿ ಬಟ್ಟೆಯ ರಾಶಿ ಎಷ್ಟು ಬೇಗ ಬೆಳೆಯುತ್ತದೆಂಬುದನ್ನು ಹೇಳಬೇಕಾಗಿಲ್ಲ. ಅಂಥ ಒಂದು ಮುಂಜಾನೆ ನಮ್ಮ ಮನೆಯ ಯಂತ್ರ ಹೊರಡಲಿಲ್ಲ. ದೀಪಗಳು ಬೆಳಗಿದವು, ಗುಂಡಿ ಒತ್ತಿದರೆ ನೀರೂ ಇಲ್ಲ, ಚಲನೆಯೂ ಇಲ್ಲ. ಹಿಂದಿನ ದಿನ ಅದನ್ನು ನಡೆಸಿದವಳು ಮನೆಗೆಲಸಕ್ಕೆ ಬರುವ ಹೆಣ್ಣುಮಗಳು. ಬಾಗಿಲನ್ನು ಜೋರಾಗಿ ಬಡಿದಿರಬೇಕೆಂದು ಒಬ್ಬರೆಂದರು. ಒದ್ದೆ ಕೈಯಿಂದ ಗುಂಡಿ ಒತ್ತಿರಬೇಕೆಂದು ಇನ್ನೊಬ್ಬರೆಂದರು. ದೂರವಾಣಿಯಲ್ಲಿ ದುರಸ್ತಿಗಾರನನ್ನು ಕೇಳಿದರೆ, ಯಂತ್ರವನ್ನು ನೋಡದೆಯೇ, ಒಳಗಿನ ಎಲೆಕ್ಟ್ರಾನಿಕ್ ಫಲಕ ಸುಟ್ಟಿರಬಹುದು, ಬದಲಿಸಲು ಹಲವು ಸಾವಿರ ರೂಪಾಯಿ ಬೇಕಾಗುತ್ತದೆ ಎಂದನು. ಆ ಹಣದಲ್ಲಿ ಸ್ವಲ್ಪವನ್ನಾದರೂ ಅವಳ ಸಂಬಳದಲ್ಲಿ ಮುರಿದುಕೊಳ್ಳಬೇಕೆಂಬ ಮಾತೂ ಬಂದಿತು. ಬಾಗಿಲ ಬಳಿ ನಿಂತಿದ್ದ ಅವಳ ಕಿವಿಗೂ ಅದು ಬಿದ್ದಿತು. ಅವಳು ಏನನ್ನೂ ಹೇಳಲಿಲ್ಲ. ರಾಶಿಯನ್ನು ಹೊತ್ತು ಹಿತ್ತಲಿನ ಕಲ್ಲಿನ ಕಡೆ ಹೋದಳು.

ವಿಚಾರಣೆ ಮುಗಿಯುವವರೆಗೆ ಯಾರೂ ಯಾರನ್ನೂ ಅನ್ನಕೂಡದೆಂದು ನಾನು ಮಕ್ಕಳನ್ನು ಕೇಳಿಕೊಂಡೆ. ಯಂತ್ರಶಾಸ್ತ್ರ ನನ್ನ ಅಧ್ಯಯನದ ವಿಷಯವಲ್ಲ. ಆದರೆ ಮಠದಲ್ಲಿ ಗುರುಗಳ ಬಳಿ ಓದಿದ ಅನ್ನಂಭಟ್ಟನ ತರ್ಕಸಂಗ್ರಹ ಕಾರಣವೆಂದರೇನು ಎಂಬುದನ್ನು ಕಲಿಸಿತ್ತು. ಕಾರ್ಯಕ್ಕಿಂತ ಮುಂಚೆ ಇದ್ದದ್ದೆಲ್ಲವೂ ಕಾರಣವಲ್ಲ; ನಿಯಮದಿಂದ ಮುಂಚೆ ಇರುವುದು ಮಾತ್ರ ಕಾರಣ. ಕುಂಬಾರನ ಮಡಕೆಗೆ ಮಣ್ಣು ಕಾರಣ, ಚಕ್ರ ಕಾರಣ, ಕುಂಬಾರನೂ ಕಾರಣ. ಮಣ್ಣು ಹೊತ್ತು ತಂದ ಕತ್ತೆ ಮಾತ್ರ ಕಾರಣವಲ್ಲ. ಅದು ಅಲ್ಲಿದ್ದಿತು, ಅಷ್ಟೆ. ಇದನ್ನು ತಾರ್ಕಿಕರು ಅನ್ಯಥಾಸಿದ್ಧವೆಂದು ಕರೆದಿದ್ದಾರೆ. ಕೊನೆಯ ಬಾರಿ ಯಂತ್ರ ಮುಟ್ಟಿದವಳು ಅವಳು ಎಂಬುದರಿಂದ ಅವಳು ಅಲ್ಲಿದ್ದಳೆಂಬುದಷ್ಟೇ ಸಿದ್ಧವಾಗುತ್ತದೆ. ತಾರ್ಕಿಕರು ಹೇಳುವ ಇನ್ನೊಂದು ಮಾತಿದೆ: ಎಲ್ಲ ಕಾರಣಗಳೂ ಕೂಡಿದ್ದರೂ ಅಡ್ಡಿಯೊಂದಿದ್ದರೆ ಕಾರ್ಯ ನಡೆಯದು. ಬೆಂಕಿಯ ಬಳಿ ಒಂದು ಮಣಿಯನ್ನಿಟ್ಟರೆ ಅದು ಸುಡುವುದಿಲ್ಲವೆಂಬುದು ಅವರ ನಿದರ್ಶನ. ಆದ್ದರಿಂದ ಪ್ರತಿಬಂಧಕದ ಅಭಾವವೂ ಒಂದು ಕಾರಣವೇ. ಇಂದಿನ ಒಗೆಯುವ ಯಂತ್ರವನ್ನು ರಚಿಸಿದವರು ಈ ಸೂತ್ರವನ್ನೇ ತಂತಿಗಳಲ್ಲಿ ಹೆಣೆದಿದ್ದಾರೆಂದು ನನಗನ್ನಿಸುತ್ತದೆ. ಬಾಗಿಲು ಭದ್ರವಾಗಿಲ್ಲದಿದ್ದರೆ ಅದು ಹೊರಡಲೇ ಒಲ್ಲದು.

ಹೊರಗಿನಿಂದ ಒಳಕ್ಕೆ ಹೋಗುವ ಕ್ರಮವನ್ನು ಅನುಸರಿಸಿದೆವು. ಮೊದಲು ವಿದ್ಯುತ್ತು. ದೀಪ ಬೆಳಗಿದ ಮಾತ್ರಕ್ಕೆ ಸಾಕಷ್ಟು ವಿದ್ಯುತ್ತು ಬರುತ್ತಿದೆಯೆಂದು ತಿಳಿಯಲಾಗದು. ಸಡಿಲವಾದ ಸಂಪರ್ಕದಲ್ಲಿಯೂ ಸಣ್ಣ ದೀಪ ಬೆಳಗುತ್ತದೆ. ಅದೇ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆಯನ್ನು ಹಚ್ಚಿದಾಗ ಅದು ಚೆನ್ನಾಗಿ ಕಾಯಿತು. ಎರಡನೆಯದು ಗುಂಡಿಗಳು. ಮಕ್ಕಳ ಕೈತಪ್ಪಿನಿಂದ ಹೊರಡದಿರಲೆಂದು ಈ ಯಂತ್ರಗಳಲ್ಲಿ ಚೈಲ್ಡ್ ಲಾಕ್ ಎಂಬ ಬೀಗವಿರುತ್ತದೆ; ಕೆಲವು ಗಂಟೆ ತಡೆದು ಹೊರಡಲು ಹೇಳುವ ಗುಂಡಿಯೂ ಇರುತ್ತದೆ. ಅವೆರಡರ ಸಂಕೇತದೀಪಗಳೂ ಆರಿದ್ದವು. ಪ್ಲಗ್ಗನ್ನು ಕಿತ್ತು ಹತ್ತು ನಿಮಿಷ ಬಿಟ್ಟು ಮತ್ತೆ ಹಚ್ಚಿದೆವು; ಎಲೆಕ್ಟ್ರಾನಿಕ್ ಫಲಕದ ಗೊಂದಲ ಎಷ್ಟೋ ಸಲ ಇಷ್ಟರಿಂದಲೇ ತಿಳಿಯಾಗುತ್ತದೆ. ಅದೂ ಫಲಿಸಲಿಲ್ಲ. ಮೂರನೆಯದು ನೀರು. ನಲ್ಲಿ ತೆರೆದೇ ಇತ್ತು. ಕೊಳವೆಯನ್ನು ಬಿಚ್ಚಿ ಬಕೆಟ್ಟಿಗೆ ಹಿಡಿದರೆ ನೀರು ರಭಸದಿಂದ ಬಂದಿತು. ಕೊಳವೆ ಯಂತ್ರವನ್ನು ಸೇರುವಲ್ಲಿ ಸಣ್ಣ ಜಾಲರಿಯೊಂದಿರುತ್ತದೆ. ಕೊಳವೆಬಾವಿಯ ಮರಳು ಅಲ್ಲಿ ಕಟ್ಟುವುದುಂಟು. ಅದೂ ಶುಭ್ರವಾಗಿತ್ತು.

ಉಳಿದದ್ದು ಬಾಗಿಲು. ನಮ್ಮದು ಮುಂಭಾಗದಲ್ಲಿ ಬಾಗಿಲುಳ್ಳ ಯಂತ್ರ. ಅರಿವೆಯ ಅಂಚು ಸಿಕ್ಕಿಕೊಂಡಿರಲಿಲ್ಲ, ರಬ್ಬರಿನ ಬಳೆಯಲ್ಲಿ ಕಸವಿರಲಿಲ್ಲ, ಕೊಂಡಿ ಮುರಿದಿರಲಿಲ್ಲ. ಆದರೆ ಗುಂಡಿ ಒತ್ತಿದ ಕೆಲವು ಕ್ಷಣಗಳಲ್ಲಿ ಬಾಗಿಲಿನ ಬೀಗ ಬೀಳುವ 'ಟಿಕ್' ಎಂಬ ಸದ್ದೊಂದು ಪ್ರತಿದಿನ ಕೇಳಿಸುತ್ತಿದ್ದಿತು. ಆ ದಿನ ಅದು ಕೇಳಿಸಲಿಲ್ಲ. ಸದ್ದಿದ್ದಾಗ ಯಂತ್ರ ಹೊರಡುತ್ತಿತ್ತು, ಸದ್ದಿಲ್ಲದಾಗ ಹೊರಡುತ್ತಿಲ್ಲ. ಇದಕ್ಕೆ ಅನ್ವಯ ವ್ಯತಿರೇಕಗಳೆಂದು ಹೆಸರು. ತೊಡಕು ಫಲಕದಲ್ಲಿರಲಿ ಬಿಡಲಿ, ಮೊದಲು ನೋಡಬೇಕಾದದ್ದು ಬೀಗವನ್ನೆಂಬುದು ಸ್ಪಷ್ಟವಾಯಿತು.

ಇಲ್ಲಿಂದ ಮುಂದಿನದು ಬಲ್ಲವರ ಕೆಲಸ. ಮರುದಿನ ಬಂದ ಬೇರೊಬ್ಬ ಕುಶಲಕರ್ಮಿಗೆ ಈ ಸಂಗತಿಯನ್ನು ತಿಳಿಸಿದೆವು. ಅವನು ಪ್ಲಗ್ಗನ್ನು ಕಿತ್ತು, ಯಂತ್ರವನ್ನು ಓರೆಮಾಡಿ, ಬ್ಯಾಟರಿಯ ದೀಪ ಹಿಡಿದು ನೋಡಿ ನಕ್ಕನು. ಮಳೆಗೆ ಒಳಸೇರಿದ ಇಲಿ, ತೆರೆದಿದ್ದ ತಳಭಾಗದಿಂದ ಹತ್ತಿ, ಬೀಗಕ್ಕೆ ಹೋಗುವ ತಂತಿಯನ್ನು ಕಡಿದಿದ್ದಿತು. ಅದರ ಹಿಕ್ಕೆಗಳೂ ಅಲ್ಲಿಯೇ ಇದ್ದವು. ತಂತಿಯನ್ನು ಜೋಡಿಸಿ, ತಳಕ್ಕೆ ಜಾಲರಿಯೊಂದನ್ನು ಬಿಗಿದು, ಕೆಲವು ನೂರು ರೂಪಾಯಿ ಪಡೆದು ಹೋದನು. ಫಲಕಕ್ಕೆ ಏನೂ ಆಗಿರಲಿಲ್ಲ.

ನಮ್ಮ ಸೊಸೆ ಆ ಹೆಣ್ಣುಮಗಳನ್ನು ಕರೆದು ನಡೆದುದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಅವಳು ಕಡಿದ ತಂತಿಯ ತುಣುಕನ್ನು ಬೇಡಿ ಪಡೆದು, ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ, "ಹಂಗಾದ್ರ ನಾಳಿಂದ ನಾನು ಇದಕ್ಕ ಅರಿವಿ ಹಾಕಬಹುದೇನ್ರಿ?" ಎಂದು ಕೇಳಿದಳು. ಎರಡು ದಿನ ಅವಳು ಮಳೆಯಲ್ಲಿ ನೆನೆಯುತ್ತ ಕಲ್ಲಿನ ಮೇಲೆ ಒಗೆದಿದ್ದುದು ಯಂತ್ರ ಕೆಟ್ಟುದರಿಂದ ಮಾತ್ರವಲ್ಲ, ಅದನ್ನು ಮುಟ್ಟುವ ಅರ್ಹತೆ ತನಗೆ ಹೋಯಿತೆಂಬ ಭಾವನೆಯಿಂದಲೂ ಎಂಬುದು ಆಗ ಎಲ್ಲರಿಗೂ ಅರಿವಾಯಿತು. ಯಂತ್ರದ ತಂತಿಯನ್ನು ಅರ್ಧ ಗಂಟೆಯಲ್ಲಿ ಜೋಡಿಸಬಹುದು. ಇಂಥ ಮಾತಿನಿಂದ ಕಡಿದುಹೋದದ್ದನ್ನು ಜೋಡಿಸಲು ಹೆಚ್ಚು ಕಾಲ ಬೇಕಾಗುತ್ತದೆ.

ಓದುಗರ ಉಪಯೋಗಕ್ಕಾಗಿ ಇನ್ನು ಕೆಲವು ಮಾತು. ದೀಪವೇ ಬೆಳಗದಿದ್ದರೆ ಸಾಕೆಟ್ಟನ್ನೂ ಮನೆಯ ವಿದ್ಯುತ್ ಪೆಟ್ಟಿಗೆಯಲ್ಲಿ ಕೆಳಗೆ ಬಿದ್ದಿರಬಹುದಾದ ಸ್ವಿಚ್ಚನ್ನೂ ನೋಡಬೇಕು. ಮೇಲೆತ್ತಿದ ಸ್ವಿಚ್ಚು ಮತ್ತೆ ಮತ್ತೆ ಬಿದ್ದರೆ ಹಟ ಹಿಡಿಯದೆ ವಿದ್ಯುತ್ ಕೆಲಸಗಾರನನ್ನು ಕರೆಯಬೇಕು. ನಮ್ಮಲ್ಲಿ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು. ಹಳ್ಳಿಗಳಲ್ಲಿ ಸಂಜೆಯ ಹೊತ್ತು ಇದು ಬಹಳ ಇಳಿದರೆ ಯಂತ್ರ ಹೊರಡದಿರುವುದುಂಟು. ಸ್ಟೆಬಿಲೈಸರ್ ಅಲ್ಲಿ ನೆರವಾಗುತ್ತದೆ. ಮೇಲ್ಭಾಗದಲ್ಲಿ ಮುಚ್ಚಳವುಳ್ಳ ಯಂತ್ರವಾದರೆ ಮುಚ್ಚಳದ ಅಡಿಯ ಸಣ್ಣ ಸ್ವಿಚ್ಚನ್ನು ಶಂಕಿಸಬೇಕು. ಹಲವು ಯಂತ್ರಗಳ ಮುಖದಲ್ಲಿ ಅಕ್ಷರ ಅಂಕಿಗಳ ಸಂಕೇತ ಮೂಡುತ್ತದೆ. ಅದರ ಅರ್ಥ ಯಂತ್ರದೊಡನೆ ಬಂದ ಪುಸ್ತಿಕೆಯಲ್ಲಿರುವುದರಿಂದ ಅದನ್ನು ರದ್ದಿಗೆ ಹಾಕಬಾರದು. ಗುಂಯ್ ಎಂಬ ಸದ್ದಿದ್ದು ಚಲನೆಯಿಲ್ಲದಿದ್ದರೆ ತಕ್ಷಣ ನಿಲ್ಲಿಸಬೇಕು. ಮೋಟಾರಿಗೆ ನೆರವಾಗುವ ಕೆಪಾಸಿಟರ್ ಎಂಬ ಭಾಗ ಕೆಟ್ಟಿರಬಹುದು. ಪ್ಲಗ್ಗು ಕಿತ್ತ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರುತ್ತದೆಯಾದ್ದರಿಂದ ಮನೆಯವರು ಹೊದಿಕೆಯನ್ನು ಬಿಚ್ಚಲಾಗದು. ಒದ್ದೆ ಕೈ, ಬರಿಗಾಲು, ಒದ್ದೆ ನೆಲ ಇವು ಮೂರೂ ಕೂಡಿದಲ್ಲಿ ಯಾವ ಪರೀಕ್ಷೆಯೂ ಸಲ್ಲದು.

ಇಷ್ಟನ್ನು ನೋಡಲು ಹಿಡಿಯುವ ಹೊತ್ತು ಅರ್ಧ ಗಂಟೆ. ಮನೆಯಲ್ಲಿ ಏನಾದರೊಂದು ಕೆಟ್ಟಾಗ ಮಾತಿನ ಭಾರ ಬೀಳುವುದು ಸಾಮಾನ್ಯವಾಗಿ ಎದುರುತ್ತರ ಕೊಡಲಾರದವರ ಮೇಲೆ: ಕೆಲಸದವರ ಮೇಲೆ, ಮಕ್ಕಳ ಮೇಲೆ, ಕಣ್ಣು ಮಂಜಾದ ಮುದುಕರ ಮೇಲೆ. ಆ ಅರ್ಧ ಗಂಟೆ ಅವರಿಗೆ ಸಲ್ಲಬೇಕಾದ ಋಣವೆಂದು ತಿಳಿದರೆ ಮನೆಯ ಹಣವೂ ಉಳಿಯುತ್ತದೆ, ಮನೆಯ ಮರ್ಯಾದೆಯೂ ಉಳಿಯುತ್ತದೆ.