ತೋಳಿನ ಮೇಲಿನ ಸಾಕ್ಷಿ

ಸಿಗಡಿ ತಿಂದ ರಾತ್ರಿ ಮಗಳ ಮೈತುಂಬ ದದ್ದು ಎದ್ದಿತ್ತು. ಅಂದಿನಿಂದ ನಮ್ಮ ಮನೆಗೆ ಮೀನೇ ಬರಲಿಲ್ಲ. ಕೊನೆಗೆ ಅಲರ್ಜಿ ಪರೀಕ್ಷೆಗೆ ಕರೆದೊಯ್ದೆವು.

ಡಾಕ್ಟರು ಅವಳ ಮುಂದೋಳಿನ ಮೇಲೆ ಸಾಲಾಗಿ ಹನಿಗಳನ್ನಿಟ್ಟು ಮೆಲ್ಲಗೆ ಚುಚ್ಚಿದರು. ಒಂದು ಬರೀ ಉಪ್ಪುನೀರು, ಇನ್ನೊಂದು ಹಿಸ್ಟಮಿನ್. ಅಲರ್ಜಿಯಾದಾಗ ನಮ್ಮ ಜೀವಕೋಶಗಳೇ ಹೊರಹಾಕುವ ರಾಸಾಯನಿಕವಿದು. ಚುಚ್ಚಿದಲ್ಲಿ ಚರ್ಮ ಕೆಂಪಾಗುತ್ತದೆ, ರಕ್ತನಾಳದಿಂದ ನೀರು ಒಸರಿ ಗುಳ್ಳೆ ಏಳುತ್ತದೆ, ನರಗಳ ಮೂಲಕ ಕೆಂಪು ಸುತ್ತ ಹರಡುತ್ತದೆ. ಥಾಮಸ್ ಲೂಯಿಸ್ 1927ರ ತಮ್ಮ ಪುಸ್ತಕದಲ್ಲಿ ಈ ಮೂರನ್ನೂ ವಿವರಿಸಿದ್ದಾರೆ.

15 ನಿಮಿಷ ಕಾದೆವು. ಯಾವ ಹನಿಯೂ ಉಬ್ಬಲಿಲ್ಲ. ನಾವು ಹಿಗ್ಗಿದೆವು, ಡಾಕ್ಟರು ಹಿಗ್ಗಲಿಲ್ಲ.

“ಹಿಸ್ಟಮಿನ್ ಇಟ್ಟಲ್ಲೂ ಏಳಲಿಲ್ಲವಲ್ಲ! ಮಾತ್ರೆ ಏನಾದರೂ ಕೊಟ್ಟಿದ್ದಿರಾ?”

ನೆಗಡಿಗೆಂದು ಹಿಂದಿನ ದಿನ ಸೆಟಿರಿಜಿನ್ ನುಂಗಿಸಿದ್ದೆವು. ಚರ್ಮದ ಬಾಯಿ ಕಟ್ಟಿ ಸಾಕ್ಷಿ ಕೇಳಿದ್ದೆವು!

ಮಾತ್ರೆ ನಿಲ್ಲಿಸಿ, ವಾರ ಕಳೆದು ಮತ್ತೆ ಹೋದೆವು. ಈ ಸಲ ಹಿಸ್ಟಮಿನ್ ಗುಳ್ಳೆ ಎದ್ದಿತು, ಸಿಗಡಿಯದೂ ಎದ್ದಿತು. ಕಂದು ಚರ್ಮದಲ್ಲಿ ಕೆಂಪು ಎದ್ದು ಕಾಣದು. ಡಾಕ್ಟರು ಬೆರಳಾಡಿಸಿ, ಉಬ್ಬು ಹುಡುಕಿ ಅಳೆದರು. ಬಂಗುಡೆಯ ಹನಿ ಮಾತ್ರ ಸುಮ್ಮನಿತ್ತು. ಈಗ ಆ ಮೌನವನ್ನು ನಂಬಬಹುದಿತ್ತು. ಮೊದಲೂ ಅವಳಿಗೆ ಬಂಗುಡೆಯಿಂದ ತೊಂದರೆಯಾಗಿರಲಿಲ್ಲ. ತಿನ್ನಲಿ ಎಂದರು ಡಾಕ್ಟರು. ಮನೆಗೆ ಮರಳುವಾಗ ದಾರಿಯಲ್ಲೇ ಕೊಂಡೆವು.