ಟ್ಯಾಂಕ್ ನೀರು ಬೆಳ್ಳಗಾಗಿದ್ಯಾ?

ಹೊಳೆನರಸೀಪುರದಲ್ಲಿ ಗೆಳೆಯರ ಮನೇಲಿದ್ದೀನಿ. ಎರಡಡಿ ಟ್ಯಾಂಕ್, ಒಳಗೆ 12 ಗೋಲ್ಡ್‌ಫಿಶ್, ನೀರು ಅಕ್ಕಿ ತೊಳೆದ ಹಾಗಿದೆ. ಪೂರ್ತಿ ಚೆಲ್ಲೋಕೆ ಬಕೆಟ್ ಹಿಡಿದು ನಿಂತಿದ್ರು, ತಡೆದೆ.

ಆ ಮಬ್ಬು ಸಾಮಾನ್ಯವಾಗಿ ಬ್ಯಾಕ್ಟೀರಿಯಾ. ಮೀನಿನ ಹಿಕ್ಕೆ, ಉಳಿದ ತಿಂಡಿಯಿಂದ ಬೆಳೆದದ್ದು. ಅಮೋನಿಯಾ ಕಡಿಮೆ ಮಾಡೋ ಒಳ್ಳೆ ಬ್ಯಾಕ್ಟೀರಿಯಾ ಮನೆ ಮಾಡಿರೋದು ಫಿಲ್ಟರ್ ಸ್ಪಂಜಲ್ಲಿ. ಅದನ್ನ ನಲ್ಲಿ ಕೆಳಗೆ ಉಜ್ಜಿದ್ರೆ ಕ್ಲೋರಿನ್‌ಗೆ ಅವು ಸಾಯುತ್ತವೆ. ಟ್ಯಾಂಕಿಂದ ತೆಗೆದ ನೀರಲ್ಲೇ ಮೆಲ್ಲಗೆ ಹಿಂಡಿ. ಕಾಲು ಭಾಗ ನೀರು ಮಾತ್ರ ಬದಲಿಸಿ, ಕ್ಲೋರಿನ್ ತೆಗೆದದ್ದು ಹಾಕಿ. ಒಂದೆರಡು ದಿನ ತಿಂಡಿ ಬೇಡ.

ಆದ್ರೂ ಮೀನು ಕಡಿಮೆ ಮಾಡದೆ ಇದು ಬಗೆಹರಿಯಲ್ಲ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಕಡೆ ದೊಡ್ಡ ಟ್ಯಾಂಕ್ ಇರೋರು ಯಾರಾದ್ರೂ ತಗೋತೀರಾ? ಹೇಮಾವತಿಗೆ ಬಿಡೋ ಸಲಹೆ ಮಾತ್ರ ಕೊಡಬೇಡಿ, ಹೊಳೆಯ ನಾಡಮೀನುಗಳಿಗೆ ಅದು ಅಪಾಯ.